ಮೆಟ್ಟಿಲು ಮನೆತನ

ಯಾರಾದರೂ ಮನೆತನದ ಅಡ್ಡಹೆಸರು ಹಿಡಿದು ಕರೆದರೆ ಬೋರ್ಡು ಬರೆಯುವವನ ಕಿವಿ ಈಗಲೂ ಕೆಂಪಾಗುತ್ತಿತ್ತು. ಪೊರಕೆ. ಅಜ್ಜ ಪೊರಕೆ ಕಟ್ಟಿದ, ಅಪ್ಪನೂ ಕಟ್ಟಿದ, ಹೆಸರು ಅಂಟಿಕೊಂಡಿತು. ಶಾಲೆಯಲ್ಲಿ ಅವನು ಬೆಂಚುಗಳ ನಡುವೆ ನಡೆದರೆ ಹುಡುಗರು, "ಪೊರಕೆ ಬಂತು, ಕಾಲೆತ್ರೋ" ಅನ್ನುತ್ತಿದ್ದರು. ಊರಿನವರ ಹೆಸರನ್ನೆಲ್ಲ ಬಂಗಾರದ ಬಣ್ಣದಲ್ಲಿ ಬರೆದುಕೊಟ್ಟವನು ತನ್ನ ಬಾಗಿಲಿಗೆ ಮಾತ್ರ ಬೋರ್ಡು ಹಾಕಲಿಲ್ಲ. ಗಿರಾಕಿಗಳಿಗೂ ಅವನು ಬರೀ 'ಬೋರ್ಡಿನವನು'.

ಹೀಗಿರುವಾಗ ಗಾಜಿನಂಗಡಿಯ ಮುದುಕ ಹೊಸ ಬೋರ್ಡು ಬರೆಸಿದ. 'ಮೆಟ್ಟಿಲು ಗ್ಲಾಸ್ ಹೌಸ್.' ಮೆಟ್ಟಿಲು ಅವನ ಅಡ್ಡಹೆಸರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಕೆಳಗೆ ಅಂಗಡಿ, ಮೇಲೆ ದೊಡ್ಡ ಮನೆ. "ನನ್ನ ರಕ್ತದೋರು ಅಂತ ಒಬ್ಬರಿದ್ದಿದ್ರೆ ಇದನ್ನ ಅವರ ಕೈಗಿಟ್ಟು ನೆಮ್ಮದಿಯಾಗಿ ಕಣ್ಮುಚ್ತಿದ್ದೆ," ಅಂದ. ಏಣಿಯ ಮೇಲಿದ್ದವನ ಕುಂಚ ನಿಂತಿತು.

ಅವನು ಅವಸರಪಡಲಿಲ್ಲ. ಮೊದಲು ಆ ಹೆಸರಿನವರನ್ನು ಹುಡುಕಿದ. ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಜನ. ಒಬ್ಬ ಬೇಕರಿಯವನು, ಒಬ್ಬಳು ನರ್ಸು, ಲಿಫ್ಟು ರಿಪೇರಿ ಮಾಡುವವನೊಬ್ಬ. ಬೋರ್ಡು ಬರೆಯುವ ನೆಪದಲ್ಲಿ ಕೆಲವರನ್ನು ಕಂಡ. ಒಬ್ಬರ ಮುಖ ಇನ್ನೊಬ್ಬರದ್ದನ್ನು ಹೋಲುತ್ತಿರಲಿಲ್ಲ. ಯಾರಿಗೂ ಅಜ್ಜನ ಹೆಸರು ತಿಳಿಯದು. "ಹಳೇದೆಲ್ಲ ಯಾಕೆ ಬಿಡಿ," ಎಂದು ಬೇಕರಿಯವನು ಹಿಟ್ಟಿನ ಕೈ ಒರೆಸಿಕೊಂಡು ಮಾತು ಬದಲಿಸಿದ. ಬೋರ್ಡಿನವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೀಗೆ ಚದುರಿಹೋದ ಮನೆತನದಲ್ಲಿ ತನ್ನನ್ನು ಸುಳ್ಳು ಅನ್ನುವವರು ಯಾರು?

ಆಮೇಲೆ ಆ ಹೆಸರಿಗೊಂದು ಮೂಲ ಕಟ್ಟಿದ. ಅರಮನೆಗಳಿಗೆ ಕಲ್ಲಿನ ಮೆಟ್ಟಿಲು ಕಡೆದ ಶಿಲ್ಪಿಗಳ ವಂಶ. ಮುದುಕನ ತಂದೆಗೊಬ್ಬ ತಮ್ಮ. ಜಗಳವಾಡಿ ಹಡಗು ಹತ್ತಿದ. ಆ ತಮ್ಮನ ಮೊಮ್ಮಗ ತಾನು. ಸಾಕ್ಷಿಗೆ ಹಳೆಯ ಬಾಗಿಲಿನ ಹಲಗೆ ತಂದು 'ಮೆಟ್ಟಿಲು ಮನೆ' ಎಂದು ಬರೆದ. ಚಹಾದ ನೀರಿನಲ್ಲಿ ನೆನೆಸಿ, ಬಿಸಿಲಿಗಿಟ್ಟು, ಅಂಚು ಸವೆಸಿ, ದಬ್ಬಳದಿಂದ ಹುಳು ಕೊರೆದಂತೆ ತೂತು ಮಾಡಿದ. ಬ್ರಹ್ಮನೇ ಬಂದರೂ ಅದರ ವಯಸ್ಸು ಹೇಳಲಾರ.

ಹಿಂದಿನ ಕೋಣೆಯಲ್ಲಿ ಪೊರಕೆ ಕಟ್ಟುತ್ತಿದ್ದ ಅಪ್ಪ ಎದ್ದು ಬಂದು ನೋಡಿದ.

"ಯಾರ ಮನೇದೋ ಇದು?"

"ದೊಡ್ಡೋರದ್ದು."

"ಎಷ್ಟು ಚೆಂದ ಬರೆದಿದೀಯ. ನಮ್ಮಪ್ಪನ ಕೈ ಕಣೋ ನಿಂದು," ಎಂದು ಅಪ್ಪ ಬಿರುಕು ಬಿಟ್ಟ ಬೆರಳಿನಿಂದ ಅಕ್ಷರ ಸವರಲು ಹೋಗಿ, ಕೊಳೆಯಾದೀತೆಂದು ಹಿಂದೆಗೆದ. ಮಗ ತಲೆ ಎತ್ತಲಿಲ್ಲ.

ಗಾಜಿನಂಗಡಿಯಲ್ಲಿ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. "ನನಗೂ ಯಾರಿಲ್ಲ ದೊಡ್ಡಪ್ಪ. ಅಪ್ಪ ಹೋದ ವರ್ಷ ತೀರಿಕೊಂಡ್ರು," ಅನ್ನುವಾಗ ಮಾತ್ರ ನಾಲಗೆ ಸ್ವಲ್ಪ ತಡವರಿಸಿತು. ಮುದುಕ ಎದುರಾಡದೆ ಕೇಳಿದ. ಮಗುವಿನಂತೆ ಕೇಳಿದ.

"ನಮ್ಮಮ್ಮನ ವಿಷಯ ನಿಮ್ಮ ಕಡೆ ಏನಾದ್ರೂ ಹೇಳ್ತಿದ್ರಾ?"

ಇದಕ್ಕೆ ಅವನು ಸಿದ್ಧನಾಗಿರಲಿಲ್ಲ. "ಹಾಡ್ತಿದ್ರಂತೆ," ಅಂದ. "ನಿಮ್ಮನ್ನ ನೆಲಕ್ಕೇ ಬಿಡ್ತಿರಲಿಲ್ವಂತೆ."

ಮುದುಕನ ಕಣ್ಣು ತುಂಬಿತು. ಗೆದ್ದೆ ಅಂದುಕೊಳ್ಳಬೇಕಾದ ಗಳಿಗೆಯಲ್ಲಿ ಬೋರ್ಡಿನವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುದುಕ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದ. "ಇಷ್ಟು ವಯಸ್ಸಿಗೆ ನನಗೊಬ್ಬ ತಾಯೀನ ಕೊಟ್ಟೋನು ನೀನೇ ಕಣಪ್ಪ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ನಮಗೆ ವಂಶ ಎಲ್ಲಿಂದ ಬರಬೇಕು? ಅನಾಥಾಲಯದ ಮೆಟ್ಟಿಲ ಮೇಲೆ ಬಿಟ್ಟುಹೋದ ಕೂಸುಗಳಿಗೆಲ್ಲ ಅಲ್ಲಿನ ಅಮ್ಮ ಇಟ್ಟ ಹೆಸರು ಅದು." ಯಾರಿಗೂ ಅಜ್ಜನ ಹೆಸರು ತಿಳಿಯದ ಆ ಮುಖಗಳೆಲ್ಲ ಬೋರ್ಡಿನವನ ಕಣ್ಣ ಮುಂದೆ ಒಂದೊಂದಾಗಿ ಬಂದು ನಿಂತವು. ಮುದುಕ ಹಲಗೆಯಿಂದ ತಲೆ ಎತ್ತಿ, ಮೆಲ್ಲಗೆ ಕೇಳಿದ: "ನಿಮ್ಮಪ್ಪ ತೀರಿಕೊಂಡ್ರು ಅಂದ್ಯಲ್ಲ, ಅದಾದ್ರೂ ನಿಜವೇನಪ್ಪ?"