ಖಾಲಿ ಮರಳದ ಭರಣಿ

ಬಹಳ ಬಹಳ ಹಿಂದೆ, ಸಮುದ್ರಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಕಡಲ ತಡಿಯಲ್ಲೊಂದು ಉಪ್ಪಿನ ರಾಜ್ಯವಿತ್ತು. ಏಳು ಬೆಟ್ಟಗಳಾಚೆ ಜೇನಿನ ರಾಜ್ಯ. ಇಲ್ಲಿಂದ ಉಪ್ಪು ಹೋಗುತ್ತಿತ್ತು, ಅಲ್ಲಿಂದ ಜೇನು ಬರುತ್ತಿತ್ತು. ಮೂಟೆಗಳ ಜೊತೆ ಹಾಡೂ ಹೋಗುತ್ತಿತ್ತು. ಸಮುದ್ರವನ್ನೇ ಕಾಣದ ಜೇನಿನ ರಾಜ್ಯದ ಹೆಂಗಸರು ಭತ್ತ ಕುಟ್ಟುವಾಗ ದೋಣಿ ಹಾಡು ಹೇಳುತ್ತಿದ್ದರು. ಅವರ ಕೋಲಾಟ ಇಲ್ಲಿಗೆ ಬಂದು ಇಲ್ಲಿನ ಮುದುಕರು ಮೊಣಕಾಲು ನೋವನ್ನೇ ಮರೆತಿದ್ದರು. ಹೆಣ್ಣು ಕೊಟ್ಟು ತರುವುದೂ ನಡೆದಿತ್ತು.

ಇಷ್ಟು ಚೆನ್ನಾಗಿದ್ದರೆ ಯಾರದಾದರೂ ಕಣ್ಣು ಬೀಳಬೇಕಲ್ಲ? ನುಂಗರಾಯನೆಂಬ ಮಾಂತ್ರಿಕ ನಡುದಾರಿಯ ಕಣಿವೆಯಲ್ಲಿ ಬಂದು ಕೂತ. ಬಂದ ಉಪ್ಪನ್ನೂ ಜೇನನ್ನೂ ಬಾಚಿಕೊಂಡ. ಹೊತ್ತು ತಂದವರನ್ನು ಹುಲಿಯನ್ನಾಗಿ, ಹಾವನ್ನಾಗಿ ಮಾಡಿ ಕಾವಲಿಗೆ ನಿಲ್ಲಿಸಿದ. ಕಳಿಸಿದ್ದಕ್ಕೆ ಬದಲು ಬಾರದೆ 'ಜೇನಿನವರು ಮೋಸಗಾರರು' ಎಂದು ಇವರೆಂದರು, 'ಉಪ್ಪಿನವರು ಕಳ್ಳರು' ಎಂದು ಅವರೆಂದರು. ಎರಡೂ ಕಡೆ ಯುದ್ಧದ ಡಂಗುರ ಸಾರಿದರು.

ಉಪ್ಪಿನ ರಾಜ್ಯದ ಕುಂಬಾರನ ಮಗಳು ಬೆಳ್ಳಕ್ಕ. ಅವಳ ಅಕ್ಕ ಹೊನ್ನಕ್ಕನನ್ನು ಜೇನಿನ ರಾಜ್ಯಕ್ಕೆ ಕೊಟ್ಟಿದ್ದರು. ದಾರಿ ಮುಚ್ಚುವ ಮೊದಲು ಬಂದ ಕೊನೆಯ ಸುದ್ದಿ, ಅವಳು ಬಸುರಿ ಎಂದು. ಈಗ ಅಣ್ಣ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ. ಬೆಳ್ಳಕ್ಕ ಅವನ ಮುಂದೆ ಬಂದು ನಿಂತಳು.

"ಅಣ್ಣಾ, ಆ ಕತ್ತಿ ಯಾರ ಮೇಲೆ? ಭಾವನ ಮೇಲೋ?"

"ರಾಜರ ಅಪ್ಪಣೆ ಕಣೆ. ಹುಣ್ಣಿಮೆಗೆ ದಂಡು ಹೊರಡುತ್ತೆ. ನಾನೇನು ಮಾಡಲಿ?"

"ನೀನೇನೂ ಮಾಡಬೇಡ. ಅಕ್ಕನಿಗೆ ಮಾವಿನ ಮಿಡಿ ಉಪ್ಪಿನಕಾಯಿ ಬಯಕೆ ಇರುತ್ತೆ. ನಾನು ಕೊಟ್ಟು ಬರ್ತೀನಿ."

ಅಪ್ಪ ಮಾಡಿದ ಭರಣಿಯಲ್ಲಿ ಉಪ್ಪಿನಕಾಯಿ ತುಂಬಿಕೊಂಡು ಹೊರಟೇಬಿಟ್ಟಳು. ಆ ನಾಡಿನ ಭರಣಿಗೊಂದು ಗುಣವಿತ್ತು. ಅದರಲ್ಲಿದ್ದದ್ದನ್ನು ತಿಂದವರು ತಮ್ಮದೇನಾದರೂ ಅದರೊಳಗೆ ಹಾಕಿ ಹಿಂತಿರುಗಿಸಬೇಕು. ತಮ್ಮದೇನೂ ಹಾಕದೆ ಕೊಟ್ಟರೆ ಅದು ಕೈ ಬಿಡದು. ಉಪ್ಪಿನ ಗೋಣಿಚೀಲಕ್ಕಾಗಲಿ, ಜೇನಿನ ಬಿದಿರು ಕೊಳವೆಗಾಗಲಿ ಈ ಗುಣವಿಲ್ಲ. ಅದಕ್ಕೇ ನುಂಗರಾಯ ಇಷ್ಟು ದಿನ ಬಚಾವಾಗಿದ್ದ.

ನುಂಗರಾಯನ ಕಣಿವೆಗೆ ಮೂರು ಬಾಗಿಲು. ಮೊದಲನೆಯ ಬಾಗಿಲಲ್ಲಿ ಹುಲಿ ಅಡ್ಡ ಬಂತು. "ನಿನ್ನನ್ನು ತಿನ್ನುತ್ತೇನೆ."

"ತಿನ್ನುವೆಯಂತೆ. ಮೊದಲು ಇದರ ರುಚಿ ನೋಡು."

ಹುಲಿ ಒಂದು ಮಿಡಿ ಕಚ್ಚಿತು. ಕಣ್ಣಲ್ಲಿ ನೀರು ಬಂತು. "ಇದು ನಮ್ಮೂರಿನ ಉಪ್ಪು. ಉಪ್ಪು ತಿಂದ ಮೇಲೆ ನಿನ್ನನ್ನು ತಿನ್ನೋದು ಹೇಗೆ ತಾಯಿ?" ಎಂದು ತನ್ನ ಮೀಸೆಯ ಕೂದಲೊಂದನ್ನು ಕಿತ್ತು ಭರಣಿಗೆ ಹಾಕಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹೆಬ್ಬಾವು. ಅದೂ ತಿಂದಿತು, ಅದೂ ಅತ್ತಿತು. ತನ್ನ ಪೊರೆ ಸುತ್ತಿ ಹಾಕಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ನುಂಗರಾಯನೇ ಕೂತಿದ್ದ. ಭರಣಿಯನ್ನು ಕಸಿದು, ಮಿಡಿಗಳನ್ನೆಲ್ಲ ಗುಳುಂ ಮಾಡಿ, "ತಗೋ" ಎಂದು ಹಿಂತಿರುಗಿಸಿದ. ಭರಣಿ ಕೈಗೆ ಅಂಟಿಕೊಂಡಿತ್ತು. ಕೊಡವಿದ, ಬಂಡೆಗೆ ಕುಟ್ಟಿದ. ಬಂಡೆ ಬಿರುಕು ಬಿಟ್ಟಿತು, ಭರಣಿ ಬಿಡಲಿಲ್ಲ.

"ನಿನ್ನದೇನಾದರೂ ಹಾಕು ರಾಯ, ಬಿಡುತ್ತೆ," ಎಂದಳು ಬೆಳ್ಳಕ್ಕ.

ಹಿಡಿ ಉಪ್ಪು ಹಾಕಿದ. ಭರಣಿ ಥೂ ಎಂದು ಉಗುಳಿತು. "ಅದು ನಮ್ಮದು," ಎಂದಳು ಬೆಳ್ಳಕ್ಕ. ಜೇನು ಹಾಕಿದ. ಮತ್ತೆ ಉಗುಳಿತು. "ಅದು ಅವರದು." ಕಿರೀಟ ಹಾಕಿದ, ಉಂಗುರ ಹಾಕಿದ. ಎಲ್ಲವೂ ಯಾರದೋ ದಾರಿಹೋಕರದು. ಕೊನೆಗೆ ಸೋತು ಕೂತ.

"ನನ್ನದು ಅಂತ ಇರೋದು ಮಂತ್ರ ಒಂದೇ," ಎಂದ ಮೆಲ್ಲಗೆ.

"ಅದನ್ನೇ ಹಾಕು ಮತ್ತೆ."

ಬೇರೆ ದಾರಿಯೇನಿತ್ತು? ಬಾಯಿಟ್ಟು ಮಂತ್ರವನ್ನೆಲ್ಲ ಒಳಗೆ ಉಸುರಿದ. ಭರಣಿ ಕೈ ಬಿಟ್ಟಿತು. ಹುಲಿ ಮತ್ತೆ ಉಪ್ಪಿನ ಶೆಟ್ಟಿಯಾಯಿತು, ಹಾವು ಅವನ ಹೇರಿನಾಳಾಯಿತು. ಅವರಿಬ್ಬರೂ ನಡೆದದ್ದನ್ನು ಇಬ್ಬರು ರಾಜರಿಗೂ ಓಡಿಹೋಗಿ ಹೇಳಿದರು. ದಂಡು ಹೊರಡಲೇ ಇಲ್ಲ.

ಬೆಳ್ಳಕ್ಕ ಭರಣಿ ಹೊತ್ತು ಜೇನಿನ ರಾಜ್ಯ ಸೇರಿದಳು. ಹೊನ್ನಕ್ಕ ತಂಗಿಯನ್ನು ತಬ್ಬಿ ಅತ್ತಳು. ಆಮೇಲೆ ಭರಣಿಯಲ್ಲಿ ಇಣುಕಿದಳು. "ಉಪ್ಪಿನಕಾಯಿ ಎಲ್ಲೇ?"

"ಯುದ್ಧ ನಿಲ್ಲಿಸೋಕೆ ಖರ್ಚಾಯ್ತು ಅಕ್ಕ."

ಹೊನ್ನಕ್ಕ ಬಿಡುವವಳೇ? ಮೀಸೆ, ಪೊರೆ ತೆಗೆದಿಟ್ಟು, ತಳದ ರಸದಲ್ಲೇ ಅನ್ನ ಕಲಸಿ ಉಂಡಳು. ನುಂಗುವ ಮಂತ್ರ ಸೇರಿತ್ತಲ್ಲ, ಅವಳ ಹಸಿವು ಕೆರಳಿ ಗಡಿಗೆ ಅನ್ನ ಖಾಲಿಯಾಯಿತು. ಮಗು ಗುಂಡುಗುಂಡಾಗಿ ಹುಟ್ಟಿತು.

ಅಣ್ಣ ಮಸೆದ ಕತ್ತಿಯಲ್ಲಿ ಮಗುವಿನ ನಾಮಕರಣದ ದಿನ ಹಲಸಿನ ಹಣ್ಣು ಕೊಯ್ದರು. ನುಂಗರಾಯ ಅದೇ ಕಣಿವೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆಲ್ಲ ಮಜ್ಜಿಗೆ ಕೊಟ್ಟ. ಅವನದೇ ಹಸು, ಅವನೇ ಕಡೆದ ಮಜ್ಜಿಗೆ. ಬೆಳ್ಳಕ್ಕನ ಭರಣಿ ಜೇನು ತುಂಬಿಕೊಂಡು ಊರಿಗೆ ಬಂತು. ಅವರು ಉಪ್ಪುಂಡು ಬಾಳಿದರು, ಇವರು ಜೇನುಂಡು ಬಾಳಿದರು. ನಿಮ್ಮ ಮನೆಯಲ್ಲಿ ಪಕ್ಕದ ಮನೆಯವರ ಪಾತ್ರೆಯಿದ್ದರೆ, ಒಂದು ಚೂರು ಬೆಲ್ಲ ಹಾಕಿ ಕೊಟ್ಟು ಬನ್ನಿ.