ಆರಿಹೋದ ಹಳದಿ ದೀಪ

ಪ್ರೆಸ್ಸಿನ ಯಜಮಾನರ ಮುಖ ಎಷ್ಟು ಜಜ್ಜಿಹೋಗಿತ್ತೆಂದರೆ, ಗುರುತು ಹಿಡಿಯಲು ಹೋದ ಹೆಂಡತಿ ಅಂಗಿಯ ಗುಂಡಿ ನೋಡಿ ಹೌದೆನ್ನಬೇಕಾಯಿತು. ಹಿಂದಿನ ದಿನ ಬೇರೆ ಬಣ್ಣದ ದಾರದಲ್ಲಿ ಅದನ್ನು ಹೊಲಿದುಕೊಟ್ಟವಳು ಅವಳೇ. ಶವಾಗಾರದಿಂದ ಆಕೆ ತಮ್ಮನ ಜೊತೆ ನೇರವಾಗಿ ಅತ್ತೆಯ ಬಳಿ ಬಂದಳು.

ಅತ್ತೆ ಎಂದರೆ ಈಕೆಗಲ್ಲ, ಆ ಮನೆಯ ಸೊಸೆಗೆ ಅತ್ತೆ. ಊರಿನವರಿಗೆ, ಪೊಲೀಸ್ ಕೆಲಸದಿಂದ ನಿವೃತ್ತರಾದರೂ ಮೂಗು ತೂರಿಸುವುದರಿಂದ ನಿವೃತ್ತರಾಗದ ಹೆಂಗಸು. ಅವರು ಬಿಡಿಸಿದ ಕೊಲೆಗಳಿಗೆಲ್ಲ ಸೊಸೆಯೇ ಡ್ರೈವರು, ಸೊಸೆಯೇ ಸಾಕ್ಷಿ. ರಕ್ತ ಕಂಡರೆ ತಲೆ ಸುತ್ತುವವಳಿಗೆ ಇಂಥ ಅತ್ತೆ ಗಂಟುಬಿದ್ದದ್ದು ಹಣೆಬರಹವೇ ಸರಿ.

"ಪೊಲೀಸ್ನೋರು ಮೆಕ್ಯಾನಿಕ್ ಗ್ರೀಸಣ್ಣನ್ನ ಹಿಡ್ಕೊಂಡು ಹೋಗಿದಾರಮ್ಮ," ಎಂದಳು ಯಜಮಾನರ ಹೆಂಡತಿ. "ಒಪ್ಕೋ ಅಂತ ಹೊಡೆದೂ ಹೊಡೆದೂ ಕೈ ಮುರಿದಿದಾರಂತೆ. ಅವನಲ್ಲ ಅಂತ ನನ್ನ ಮನಸ್ಸು ಹೇಳ್ತಿದೆ. ಅವನನ್ನ ಗಲ್ಲಿಗೆ ಹಾಕಿದ್ರೆ ನಿಜವಾಗಿ ಕೊಂದೋನು ಆರಾಮಾಗಿ ಓಡಾಡ್ಕೊಂಡಿರ್ತಾನೆ. ಅವನು ನಂಗೆ ಬೇಕು."

"ಅಕ್ಕಂದು ಹೆಂಗರುಳು," ಎಂದ ತಮ್ಮ. ಅವನ ಬಲ ಅಂಗೈಗೆ ಬ್ಯಾಂಡೇಜಿತ್ತು. ಗಾಜು ಚುಚ್ಚಿತಂತೆ. "ಶವ ಇದ್ದ ಕಾರು ಸಿಕ್ಕಿದ್ದು ಗ್ಯಾರೇಜಿನ ಬಾಗಿಲಲ್ಲಿ. ತಲೆ ಒಡೆದ ಸ್ಪ್ಯಾನರೂ ಅವನದೇ. ಇನ್ನೇನು ಬೇಕು?"

"ಆ ಸ್ಪ್ಯಾನರ್ ಡಿಕ್ಕೀಲಿ ಬಿದ್ದು ಎಷ್ಟೋ ದಿನ ಆಯ್ತಲ್ಲೋ. ಅವನೇ ಮರೆತು ಹೋಗಿದ್ದು," ಎಂದಳು ಅಕ್ಕ.

ಜಗಳವಂತೂ ಬೀದಿಗೆಲ್ಲ ಗೊತ್ತಿತ್ತು. ಯಜಮಾನರ ಹಳೇ ಕಾರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ತಿಂಗಳುಗಟ್ಟಲೆ ಉರಿಯುತ್ತಿತ್ತು. ಗ್ರೀಸಣ್ಣ ಟ್ಯಾಂಕಿನ ಮುಚ್ಚಳ ಬದಲಿಸಿದ, ಪ್ಲಗ್ ಬದಲಿಸಿದ, ಹೊಗೆಕೊಳವೆಯ ಸೆನ್ಸರೂ ಬದಲಿಸಿದ. ಪ್ರತಿಸಲವೂ ಆರಿ, ಸ್ವಲ್ಪ ದಿನ ಓಡಿದ ಮೇಲೆ ಹಾಳು ದೀಪ ಮತ್ತೆ ಹಾಜರ್. ಹೊಗೆ ತಪಾಸಣೆಗೆ ಕಾರು ಹೋಗಬೇಕು, ಮೆಷಿನ್ ಹಾಕಿ ದೀಪ ಆರಿಸಿಬಿಡು ಎಂದು ಯಜಮಾನರು ಹಠ ಹಿಡಿದರು. ಕಾಯಿಲೆ ಸಿಗುವವರೆಗೆ ಇನ್ನು ದೀಪ ಆರಿಸುವುದಿಲ್ಲ ಎಂದು ಗ್ರೀಸಣ್ಣನೂ ಪಟ್ಟು ಹಿಡಿದ. ಇಬ್ಬರೂ ಕೊರಳಪಟ್ಟಿಗೆ ಕೈ ಹಾಕಿದ್ದರು.

"ಕೊನೆಗೂ ಆರಿಸಿದ್ದನಲ್ಲ," ಎಂದ ತಮ್ಮ. "ಅವತ್ತು ಸಂಜೆ ಬಾವನೇ ನನ್ನ ಮನೆಗೆ ಬಿಟ್ರು. ದೀಪ ಆರಿತ್ತು. 'ಇಂಜಿನ್ ಇನ್ನೂ ಕುಲುಕ್ತಿದೆ, ಹೋಗಿ ಅವನನ್ನ ವಿಚಾರಿಸ್ತೀನಿ' ಅಂತ ಹೊರಟ್ರು."

"ನಾನು ಅಂಗಡಿ ಹತ್ರ ಇಳಿಯೋವಾಗ ಉರೀತಿತ್ತಲ್ಲೋ?"

"ಆಮೇಲೆ, ನನ್ನ ಹತ್ತಿಸ್ಕೊಳ್ಳೋ ಮುಂಚೆ ಗ್ಯಾರೇಜಿಗೆ ಹೋಗಿರ್ಬೇಕಕ್ಕ."

ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು. ಅವರು ಚಪ್ಪಲಿ ಮೆಟ್ಟಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಸೊಸೆಗೆ ಗೊತ್ತಿತ್ತು.

ಠಾಣೆಯ ಅಂಗಳದಲ್ಲಿ ಕಾರು ನಿಂತಿತ್ತು. ಸೀಟಿನಲ್ಲಿ ರಕ್ತ ಕಪ್ಪಗೆ ಹೆಪ್ಪುಗಟ್ಟಿತ್ತು, ಸ್ಟೀರಿಂಗಿಗೆ ಕೂದಲು ಅಂಟಿತ್ತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತ ತಿರುಗಿದಳು.

"ಅಲ್ಲೇನು ನೋಡ್ತೀಯೇ? ಇಲ್ಲಿ ಬಾ," ಎಂದರು ಅತ್ತೆ. ಇಂಜಿನ್ ಶುರುವಾದಾಗ ಹಳದಿ ದೀಪ ಆರಿಯೇ ಇತ್ತು. ಆದರೆ ಗಡಿಯಾರದ ಸಮಯ ಎತ್ತೆತ್ತಲೋ ಇತ್ತು. ರೇಡಿಯೋ ಹಾಕಿದರೆ ಬರೀ ಗೊರಗೊರ. ಸ್ಟೀರಿಂಗಿನ ನಡುವಿನ ಹಾರನ್ ಮುಚ್ಚಳ ಸೀಳಿತ್ತು, ಅಂಚಿನಲ್ಲಿ ಮೀಟಿ ಎಬ್ಬಿಸಿದ ಗೀರುಗಳಿದ್ದವು. ಬಾನೆಟ್ ಎತ್ತಿದರೆ ಬ್ಯಾಟರಿಯ ತಂತಿ ಸಡಿಲ, ಅದರ ಹಿಡಿಕೆಯ ಚೂಪು ಅಂಚಿನಲ್ಲಿ ರಕ್ತ.

"ನೀನು ಈಗ ಆ ತಮ್ಮನ ಹೆಂಡ್ತೀನ ಮಾತಾಡಿಸಿ ಬಾ. ಗಂಡ ಇಲ್ಲದಾಗ," ಎಂದರು ಅತ್ತೆ.

ಹೋದ ಸೊಸೆಗೆ ಬಾಗಿಲು ತೆರೆದವಳ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕತ್ತಿನಲ್ಲಿ ಬೆರಳಿನ ಗುರುತುಗಳಿದ್ದವು. ಬಹಳ ಹೊತ್ತು ಅತ್ತ ಮೇಲೆ ಅವಳು ಹೇಳಿದಳು: "ನಾಳೆನೇ ನಿನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ಇವನ ಮೇಲೆ ಕಂಪ್ಲೇಂಟ್ ಕೊಡ್ತೀನಿ ಅಂದಿದ್ರು ಪ್ರೆಸ್ಸಿನ ಅಣ್ಣ. ಅವತ್ತು ಮನೆ ಹಿಂದೆ ಹಾರನ್ ಒಂದೇ ಸಮನೆ ಕೂಗ್ತು. ಆಮೇಲೆ ಕತ್ತು ಹಿಸುಕಿದ ಹಾಗೆ ನಿಂತ್ಹೋಯ್ತು."

ಮರುದಿನ ಅತ್ತೆ ಎಲ್ಲರನ್ನೂ ಠಾಣೆಯ ಅಂಗಳದಲ್ಲಿ ಸೇರಿಸಿದರು. ಇನ್‌ಸ್ಪೆಕ್ಟರ್, ಕೋಳ ತೊಟ್ಟ ಗ್ರೀಸಣ್ಣ, ಅಕ್ಕ, ತಮ್ಮ. ಅತ್ತೆ ಮಾತಿಲ್ಲದೆ ಹಾರನ್ನಿನ ಮೇಲೆ ಮುಷ್ಟಿಯಿಂದ ಗುದ್ದಿದರು. ಸೀಳಿದ ಮುಚ್ಚಳ ಒಳಗೇ ಸಿಕ್ಕಿಕೊಂಡಿತು. ಹಾರನ್ ಕಿವಿ ಹರಿಯುವಂತೆ ಕೂಗತೊಡಗಿತು.

ಇನ್‌ಸ್ಪೆಕ್ಟರ್ ಕಿವಿ ಮುಚ್ಚಿಕೊಂಡರು. "ಫ್ಯೂಸ್ ಕೀಳ್ರೀ! ಸ್ಟೀರಿಂಗ್ ಕೆಳಗೆ, ಕೆಂಪು ಫ್ಯೂಸು!" ಎಂದು ಗ್ರೀಸಣ್ಣ ಕಿರುಚಿದ. ತಮ್ಮ ಮಾತ್ರ ಬಾನೆಟ್ಟಿನ ಕಡೆ ಓಡಿದ, ಅದನ್ನೆತ್ತಿ ಬ್ಯಾಟರಿಯ ತಂತಿಗೆ ಕೈ ಹಾಕಿದ. ಮುಟ್ಟಿದವನೇ ಕಲ್ಲಾದ.

ಅತ್ತೆ ಬಗ್ಗಿ ಫ್ಯೂಸ್ ಕಿತ್ತರು. ಹಾರನ್ ನಿಂತಿತು.

"ಕಸುಬು ಗೊತ್ತಿರೋನು ಹಾರನ್ ನಿಲ್ಸೋಕೆ ಫ್ಯೂಸ್ ಕೀಳ್ತಾನೆ, ದೀಪ ಆರ್ಸೋಕೆ ಮೆಷಿನ್ ಹಾಕ್ತಾನೆ," ಎಂದರು. "ಮೆಷಿನ್ ಹಾಕಿದ್ರೆ ಗಡಿಯಾರ, ರೇಡಿಯೋ ಕೆಡಲ್ಲ. ಇಲ್ಲಿ ಎಲ್ಲಾ ಕೆಟ್ಟಿದೆ. ಅಂದ್ರೆ ಯಾರೋ ಬ್ಯಾಟರಿ ತಂತಿ ಕಿತ್ತಿದಾರೆ. ಕಾರಿನ ಕಂಪ್ಯೂಟರ್ ಹಳೇದೆಲ್ಲ ಮರೀತು, ದೀಪ ತಾನಾಗೇ ಆರ್ತು."

"ಯಾಕೆ ಕೀಳ್ಬೇಕು ಮೇಡಂ?" ಎಂದರು ಇನ್‌ಸ್ಪೆಕ್ಟರ್.

"ಯಜಮಾನರ ಜುಟ್ಟು ಹಿಡಿದು ಸ್ಟೀರಿಂಗಿಗೆ ಚಚ್ಚಿದಾಗ ಹಾರನ್ ಸಿಕ್ಕಿಕೊಳ್ತು. ಜನ ಬರ್ತಾರೆ ಅಂತ ಗಾಬರಿ. ತಂತಿ ಎಳೆದ, ಅಂಗೈ ಸೀಳ್ತು. ಮುಚ್ಚಳ ಮೀಟಿ ಬಿಡಿಸಿ, ತಂತಿ ಸಿಕ್ಕಿಸಿ, ಗ್ಯಾರೇಜಿಗೆ ಓಡಿಸಿದ. ದಾರೀಲಿ ನೋಡಿದ್ರೆ ದೀಪ ಆರಿದೆ. ಒಳ್ಳೇದೇ ಆಯ್ತು, ಗ್ರೀಸಣ್ಣನ ತಲೆಗೆ ಕಟ್ಟಬಹುದು ಅಂದ್ಕೊಂಡ." ಅವರು ತಮ್ಮನತ್ತ ತಿರುಗಿದರು. "ಆ ದೀಪ ಆರಿದ್ದೇ ನಿನ್ನ ಬಾವನ ಮುಖ ಜಜ್ಜಿದ ಮೇಲೆ. ಜೊತೇಲಿ ಬರೋವಾಗ ಆರಿದ್ದನ್ನ ಹೇಗಪ್ಪಾ ನೋಡಿದೆ?"

ಸಾಕ್ಷಿಗೆಂದು ಅಂಗಳದ ಮೇಜಿನ ಮೇಲೆ ಇಟ್ಟಿದ್ದ ಸ್ಪ್ಯಾನರ್ ಎತ್ತಿಕೊಂಡು ತಮ್ಮ ಅತ್ತೆಯ ಮೇಲೆ ನುಗ್ಗಿದ. ಸೊಸೆಗೆ ಏನು ಆವೇಶ ಬಂತೋ, ಕಾರಿನ ಬಾಗಿಲನ್ನು ಅವನ ಮೈಗೆ ಅಪ್ಪಳಿಸುವಂತೆ ತಳ್ಳಿದಳು. ಮೊಣಕೈ ಲಟಕ್ಕೆಂದಿತು, ಸ್ಪ್ಯಾನರ್ ಬಿತ್ತು. ಪೇದೆಗಳು ಅವನನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮಂಡಿಯೂರಿದರು.

"ಅಕ್ಕಾ, ನನ್ನ ಹೆಂಡ್ತಿ ವಿಷಯಕ್ಕೆ ಬಂದ್ರು. ಸಿಟ್ಟು ನೆತ್ತಿಗೇರ್ತು. ಬೇಕು ಅಂತ ಮಾಡಿಲ್ಲ ಕಣಕ್ಕಾ!"

ಅಕ್ಕ ಅವನ ಮುಖದ ಬಳಿ ಕೂತಳು. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಕೈ ಚಾಚಲಿಲ್ಲ.

"ಹಾರನ್ ನಿಂತಾಗ ಅವರಿಗೆ ಉಸಿರಿತ್ತೇನೋ?"

ತಮ್ಮ ಕಣ್ಣು ಮುಚ್ಚಿಕೊಂಡ.

"ಉಸಿರಿತ್ತಾ ಅಂದೆ."

"ಅಕ್ಕನ್ನ ಕರಿ ಅಂದ್ರು," ಎಂದ ಅವನು. "ಆಮೇಲೆ ಸ್ಪ್ಯಾನರ್ ತಗೊಂಡೆ."

ಆಕೆ ಎದ್ದು, ಸೀರೆಯ ಧೂಳು ಕೊಡವಿಕೊಂಡು, ಸೊಸೆಯ ಕೈ ಹಿಡಿದಳು.

"ನನ್ನ ತಮ್ಮನ ಮನೆಗೆ ಕರ್ಕೊಂಡು ಹೋಗ್ತೀಯಾ ತಾಯಿ? ಆ ಹುಡುಗೀನ ನಮ್ಮನೆಗೆ ಕರ್ಕೊಂಡು ಬರ್ಬೇಕು. ನಮ್ಮವರು ಮಾತು ಕೊಟ್ಟಿದ್ರು ಅಂತ ನೀನೇ ಹೇಳಿದ್ಯಲ್ಲ."