ಎರಡು ಕೆ.ಜಿ. ಹೆಸರು

ಮುಳ್ಳು ಇಪ್ಪತ್ತೆಂಟರ ಮೇಲೆ ನಿಂತಿತು.

ಗಂಗಾಂಬಿಕಾ ಚೀಲ ಇಳಿಸಿ ಮತ್ತೊಮ್ಮೆ ತೂಗಿಸಿದಳು. ಇಪ್ಪತ್ತೆಂಟೇ! ವಾರದ ಹಿಂದೆ ಇದೇ ತಕ್ಕಡಿಯಲ್ಲಿ ಇದೇ ಹೆಸರುಕಾಳಿನ ಗೋಣಿಚೀಲ ಮೂವತ್ತು ಕೆ.ಜಿ. ತೂಗಿತ್ತು. ಅವಳೇ ಚೀಲದ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದಳು — ಕಳ್ಳರನ್ನು ಹಿಡಿಯಲೆಂದೇ.

"ಹಂಪಕ್ಕಾ! ಹೊರಗ ಬಾರೇ ಕಳ್ಳಿ!"

ಟಿ.ಬಿ. ಡ್ಯಾಂ ರಸ್ತೆಯ ಅವಳ ಖಾನಾವಳಿಯಲ್ಲಿ ಉಣ್ಣುತ್ತಿದ್ದ ಅದಿರು ಲಾರಿಯ ಡ್ರೈವರುಗಳೆಲ್ಲ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟರು.

ಸೌಟು ಹಿಡಿದುಕೊಂಡೇ ಬಂದಳು ಹಂಪಕ್ಕ. ಆರು ವರ್ಷದಿಂದ ಅಲ್ಲಿ ಅಡುಗೆ ಮಾಡುವವಳು. ಹಿಂದೆಯೇ ಮಗಳು ಪಲ್ಲವಿ. ಸಂಡೂರಿನ ಗಣಿಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುವ ಕೆಲಸ. ಭಾನುವಾರವೆಂದು ಅವ್ವನನ್ನು ನೋಡಲು ಬಂದಿದ್ದಳು. 'ಕಳ್ಳಿ' ಎಂದದ್ದು ಕಿವಿಗೆ ಬಿದ್ದದ್ದೇ ಮೈಯೆಲ್ಲ ಉರಿದುಹೋಯಿತು.

"ಬಾಯಿ ಬಿಗಿಹಿಡಿದು ಮಾತಾಡ್ರಿ ಅಕ್ಕಾರೆ. ಏನ್ ಕದ್ದಾಳ ನಮ್ಮವ್ವ?"

"ಎರಡು ತಿಂಗಳಾತು, ತಂದ ಕಾಳು ಸಾಲವಲ್ದು! ನಾ ಕಾರ್ಡ್ ಮಾಡಿಸಿದ್ದು ಉಳಸಾಕ. ನಿಮ್ಮನಿ ತುಂಬಸಾಕಲ್ಲ!"

ಕಾರ್ಡು ಹೊಸಪೇಟೆಗೆ ಹೊಸದಾಗಿ ಬಂದ ಸಗಟು ಕ್ಲಬ್ಬಿನದು. ವರ್ಷಕ್ಕೆ ಸಾವಿರ ರೂಪಾಯಿ ಕಟ್ಟಿದ ಮೆಂಬರಿಗಷ್ಟೇ ಮಾಲು. ಮೂಟೆ ಕೊಂಡರೆ ಉಜ್ಜಿನಪ್ಪನ ಕಿರಾಣಿಗಿಂತ ಕಿಲೋಗೆ ಎರಡು ರೂಪಾಯಿ ಅಗ್ಗ. ಗಂಗಾಂಬಿಕಾ ನಿಂತಲ್ಲಿಂದಲೇ ಫೋನ್ ಮಾಡಿದಳು; ಆ ಕ್ಲಬ್ಬಿನ ಗೋಡೌನ್ ನೋಡಿಕೊಳ್ಳುವ ರೇವಣಸಿದ್ದ ಹತ್ತೇ ನಿಮಿಷದಲ್ಲಿ ಬೈಕಿನಲ್ಲಿ ಬಂದು ನಿಂತ.

"ನಮ್ಮಲ್ಲಿಂದ ಮೂವತ್ತು ಕೆ.ಜಿ.ನ ಹೊಂಟೈತ್ರಿ," ಎಂದ. "ಈಕೀನ ಬಿಚ್ಚಿ, ತಗದು, ಮತ್ತ ಹೊಲದಾಳ. ಇಂಥೋರನ್ನ ಅಡಗಿಮನ್ಯಾಗ ಬಿಟ್ಟುಕೊಂಡ್ರ ಇನ್ನೇನಾಗತೈತಿ?"

"ಇಂಥೋರು ಅಂದ್ರ ಎಂಥೋರು?" ಪಲ್ಲವಿ ಕೇಳಿದಳು.

ಅವನು ರಸ್ತೆಯ ಕಡೆ ನೋಡಿದ.

ಪಲ್ಲವಿ ಚೀಲದ ಮುಂದೆ ಮಂಡಿಯೂರಿದಳು. ಮಷಿನ್ ಹೊಲಿಗೆ. ಒಂದೊಂದು ತೂತಿಗೂ ಒಂದೇ ದಾರ. ಬಿಚ್ಚಿ ಹೊಲಿದಿದ್ದರೆ ಪಕ್ಕದಲ್ಲಿ ಇನ್ನೊಂದು ಸಾಲು ತೂತು ಇರಬೇಕಿತ್ತು. ಇಲ್ಲ. ಇಲಿ ಕಡಿದ ಗುರುತೂ ಇಲ್ಲ.

"ಚೀಲ ತಂದೋರ್ಯಾರು?"

"ಜಡೆಪ್ಪನ ಆಟೋ."

"ಯಾವಾಗ ತೂಗಿದ್ರಿ?"

"ಇಳಸ್ತಿದ್ದಂಗನ. ಮೂವತ್ತು."

"ಹಂಗಾರ ಜಡೆಪ್ಪ ಅಲ್ಲ. ಆಮ್ಯಾಗ ಎಲ್ಲಿಟ್ರಿ?"

"ಒಲಿ ಪಕ್ಕದ ಕಟ್ಟಿಮ್ಯಾಲ. ಯಾಕ, ಪೊಲೀಸ್ ಆಗಿ ಏನ್ ನೀನು?"

"ಅವ್ವಾ, ಹೋದ ತಿಂಗಳ ಚೀಲದ ಕಾಳು ಹೆಂಗಿತ್ತು?"

ಹಂಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಾಳಿಗೇನ್ ಧಾಡಿ? ಒಂದ ಸೀಟಿಗೆ ಬೆಣ್ಣಿ ಆಗತಿತ್ತು. ಉಜ್ಜಿನಪ್ಪನ ಕಾಳು ಮೂರು ಸೀಟಿ ಕೂಗಿದ್ರೂ ಕಲ್ಲು."

"ನೋಡಿದ್ಯಾ? ಕಾರ್ಡಿನ ಮಾಲು ಅಂದ್ರ ಹಂಗ! ಗ್ಯಾಸೂ ಉಳೀತು," ಎಂದಳು ಗಂಗಾಂಬಿಕಾ. ಡ್ರೈವರುಗಳು ನಕ್ಕರು.

ಪಲ್ಲವಿ ನಗಲಿಲ್ಲ. "ಚಾಕು ಕೊಡ್ರಿ."

"ಬಿಚ್ಚಬ್ಯಾಡ!" ರೇವಣಸಿದ್ದ ಮುಂದೆ ನುಗ್ಗಿದ. "ಬಿಚ್ಚಿದ ಮಾಲು ವಾಪಸ್ಸಿಲ್ಲ. ಕಾರ್ಡಿನ ಹಿಂದ ಬರದೈತಿ!"

"ಅಷ್ಟ್ಯಾಕ ಗಾಬರಿ ಅಣ್ಣಾ?"

ಸರಕ್ಕನೆ ದಾರ ಹರಿಯಿತು. ಪಲ್ಲವಿ ಮೊಣಕೈವರೆಗೂ ಕೈ ಇಳಿಸಿ, ಚೀಲದ ನಡುವಿನಿಂದ ಒಂದು ಮುಷ್ಟಿ ತೆಗೆದಳು. ಮುಗ್ಗುಲು ವಾಸನೆ. ಅಂಗೈ ಬಿಚ್ಚಿದಳು — ಹಸಿರು ಕಾಳುಗಳ ತುದಿಯಲ್ಲಿ ಬೆಳ್ಳನೆಯ ಮೊಳಕೆ!

"ನಮ್ಮ ಲ್ಯಾಬ್‌ನ್ಯಾಗ ದಿನಾ ಇದ ಕೆಲಸ. ಅದಿರಿಗೆ ನೀರು ಹೊಡದು ತೂಕ ಏರಸ್ತಾರ. ನಾವು ಒಣಗಿಸಿ, ಮತ್ತ ತೂಗಿ, ನೀರೆಷ್ಟು ಹೇಳತೀವಿ. ಇಲ್ಲಿ ಒಲಿ ಬಿಸಿನ ಒಣಗಿಸೈತಿ. ಹೊಲಿಗಿ ಬಿಚ್ಚದ ಹೊರಗ ಹೋಗೋದು ನೀರೊಂದ! ಒಂದ ಸೀಟಿಗೆ ಯಾಕ ಬೇಯತಿತ್ತು? ಮೊದಲ ನೆಂದಿತ್ತು! ನೀವೆಲ್ಲ ನಕ್ಕಬಿಟ್ರಿ."

"ಏ, ನಿಮ್ಮವ್ವನ ನೀರು ಹೊಯ್ದಾಳ!" ರೇವಣಸಿದ್ದ ಕಿರುಚಿದ.

"ಹೊಯ್ದಿದ್ರ ಮೂವತ್ತು ಹೋಗಿ ಮೂವತ್ತೆರಡಾಗತಿತ್ತಲೇ! ಇಪ್ಪತ್ತೆಂಟು ಹೆಂಗಾತು? ಹೇಳು!"

ರೇವಣಸಿದ್ದ ಒಂದು ಹೆಜ್ಜೆ ಹಿಂದೆ ಸರಿದ. ಪಲ್ಲವಿ ಬಿಡಲಿಲ್ಲ.

"ಬಂದಾಗ ಮೂವತ್ತಿತ್ತು. ಹೊಲಿಗಿ ಹಂಗ ಐತಿ, ನಟ್ಟನಡುವಿನ ಕಾಳೂ ನೆಂದೈತಿ. ಅಂದ್ರ ಹೊಲಿಯೂಕಿಂತ ಮೊದಲ ನೀರು ಬಿದ್ದೈತಿ. ಗೋಡೌನ್‌ನ್ಯಾಗ ತುಂಬಿ ಹೊಲಿಸೋನು ಯಾರು? ನೀನ, ರೇವಣಸಿದ್ದ! ಅಕ್ಕಾರೆ, ಚೀಲಕ್ಕ ಅರವತ್ತು ರೂಪಾಯಿ ಉಳಿಸೀನಿ ಅಂತ ಮೆರೀತಿದ್ರಿ. ಕಿಲೋಗೆ ತೊಂಬತ್ತರಂಗ ಎರಡು ಕಿಲೋ ನೀರು ಕೊಂಡೀರಿ. ನೂರಾ ಎಂಬತ್ತು! ಮ್ಯಾಲ ಕಾರ್ಡಿನ ಸಾವಿರ!"

ರೇವಣಸಿದ್ದ ಬೈಕಿನತ್ತ ಹೊರಟ. ಬೀಗದಕೈ ಆಗಲೇ ಒಬ್ಬ ಡ್ರೈವರನ ಜೇಬಿನಲ್ಲಿತ್ತು. "ಕುಂದ್ರಣ್ಣ," ಎಂದ ಆತ, "ಮೊಳಕಿ ಪಲ್ಯ ಉಂಡು ಹೋಗುವಂತಿ."

ಗಂಗಾಂಬಿಕಾ ಗಂಟಲು ಸರಿಮಾಡಿಕೊಂಡಳು. "ಆತು ಬಿಡು ಹಂಪಕ್ಕಾ. ಒಳಗ ನಡಿ, ಸಾರು ಆರತೈತಿ."

ಹಂಪಕ್ಕ ಸೌಟನ್ನು ತಕ್ಕಡಿಯ ಮೇಲಿಟ್ಟಳು.

"ಚೀಲದಾಗಿನ ಹೆಸರು ಹೋದ್ರ ಉಜ್ಜಿನಪ್ಪನ ಅಂಗಡ್ಯಾಗ ಸಿಗತೈತ್ರಿ. ನನ್ನ ಹೆಸರು ಯಾವ ಅಂಗಡಿಯಿಂದ ತರ್ತೀರಿ? ಕಳ್ಳಿ ಅಂದಿದ್ದು ರಸ್ತೆಗೆಲ್ಲ ಕೇಳೈತಿ. ಅಲ್ಲ ಅನ್ನೋದೂ ಅಷ್ಟ ಜೋರಾಗಿ ಕೇಳಬೇಕು."

ಗಂಗಾಂಬಿಕಾ ನೆಲ ನೋಡುತ್ತ ಗೊಣಗಿದಳು. "ಹಂಪಕ್ಕ... ಕಳ್ಳಿ ಅಲ್ಲ."

"ಕೇಳಸವಲ್ದು," ಎಂದಳು ಪಲ್ಲವಿ.

ಎರಡನೆಯ ಸಲ ಅಂದದ್ದು ಆಚೆ ನಿಂತ ಲಾರಿಗಳವರೆಗೂ ಕೇಳಿತು.